ಉಡಿ ತುಂಬ ಹತ್ತಿ, ಕೈ ತುಂಬ ಬಳೆ

‘ಉಂಡದ್ದೇ ಉಗಾದಿ, ಮಿಂದದ್ದೇ ದೀವಳಿಗೆ’ ಎನ್ನುವ ಗಾದೆಯನ್ನು ನೀವೂ ಕೇಳಿರುತ್ತೀರಿ. ದುಡಿದು ತಿನ್ನುವವರ ಮನೆಗೆ ಹಬ್ಬ ಪಂಚಾಂಗ ನೋಡಿ ಬರುವುದಿಲ್ಲ. ಒಲೆಯ ಮೇಲೆ ಸಿಹಿ ಬೆಂದ ದಿನವೇ ಹಬ್ಬ. ಬೇಕಾದರೆ ಅದನ್ನು ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಜಾತ್ರೆಯ ಮಾತು ಹಾಗಲ್ಲ. ಅದು ಯಾರ ಸಲುವಾಗಿಯೂ ಕಾಯುವುದಿಲ್ಲ. ನಿಮ್ಮ ಕೈಯಲ್ಲಿ ಕಾಸಿರಲಿ ಬಿಡಲಿ, ತೇರು ಎಳೆಯುವ ದಿನ ತೇರು ಎಳೆದೇ ತೀರುತ್ತದೆ. ಹೀಗಾಗಿ ಹಬ್ಬಕ್ಕೆ ಸಾಲ ಮಾಡುವ ಹೆಣ್ಣುಮಗಳೂ ಜಾತ್ರೆಗೆ ಮಾತ್ರ ಎರಡು ತಿಂಗಳು ಮೊದಲೇ ಗಂಟು ಕಟ್ಟಲು ಶುರು ಮಾಡುತ್ತಾಳೆ. ಆ ಗಂಟಿನ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು. ದೋರನಹಳ್ಳಿ ನಮ್ಮ ಸೀಮೆಯ ಊರು. ಶಹಾಪುರದಿಂದ ಯಾದಗಿರಿಗೆ ಬಸ್ಸಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಸಿಗುತ್ತದೆ. ಹಿಂದಕ್ಕೆ ತಿರುಗಿದರೆ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, ಮುಂದೆ ಹೋದರೆ ಭೀಮಾ ನದಿ. ಈ ಭಾಗಕ್ಕೆ ಸಗರನಾಡು ಎಂದು ಹಳೆಯ ಹೆಸರು. ಇಲ್ಲಿಯ ಎರೆಹೊಲಗಳಲ್ಲಿ ಹತ್ತಿ ಒಡೆಯುವ ಕಾಲಕ್ಕೆ ತರಗತಿಯ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, “ಅವ್ವನ ಕೂಡ ಹತ್ತಿ ಬಿಡಸಲಾಕ ಹೋಗಿದ್ದೆನ್ರಿ ಟೀಚರ್” ಎಂಬ ಉತ್ತರ. ಸಂಕ್ರಾಂತಿ ಕಳೆದ ಮೇಲೆ ಅದೇ ಹುಡುಗಿಯನ್ನು ಕೇಳಿದರೆ, “ಜಾತ್ರಿಗಿ ಹೋಗಿದ್ದೆವ್ರಿ.” ಸಹೋದ್ಯೋಗಿಗಳು ಮೊದಲನೆಯ ಉತ್ತರಕ್ಕೆ ಅಯ್ಯೋ ಪಾಪ ಎನ್ನುತ್ತಾರೆ. ಎರಡನೆಯದಕ್ಕೆ, “ನೋಡ್ರಿ, ಕೂಳಿಗಿಲ್ಲದಿದ್ದರೂ ಜಾತ್ರೆಯ ಹುಚ್ಚು ಬಿಡಲಿಲ್ಲ” ಎನ್ನುತ್ತಾರೆ. ದುಡಿಮೆಗೆ ಕನಿಕರ, ಸಂತೋಷಕ್ಕೆ ಸಿಟ್ಟು. ಬಡವರ ಬಗ್ಗೆ ಓದಿದವರ ಲೆಕ್ಕಾಚಾರ ಬಹಳ ಸಲ ಹೀಗೇ ಇರುತ್ತದೆ. ಆದರೆ ನಮ್ಮ ನೆಲದ ಚರಿತ್ರೆಯನ್ನು ಸ್ವಲ್ಪ ಕೆದಕಿದರೂ ಸಾಕು, ಈ ಎರಡು ಉತ್ತರಗಳು ಸಾವಿರಾರು ವರ್ಷಗಳಿಂದ ಒಂದಕ್ಕೊಂದು ಹೆಣೆದುಕೊಂಡೇ ಬಂದಿವೆ ಎಂಬುದು ಗೊತ್ತಾಗುತ್ತದೆ.

ಮೊದಲು ಕೆಲಸದ ಮಾತು. ಹತ್ತಿ ಬಿಡಿಸುವುದು ನೋಡುವವರಿಗೆ ಹೂ ಕಿತ್ತಷ್ಟು ಹಗುರವಾಗಿ ಕಾಣುತ್ತದೆ. ಕಾಯಿ ಒಡೆದು ಬಿಳಿ ಅರಳೆ ಹೊರಬಂದಾಗ ಬೆರಳುಗಳನ್ನು ಕೂಡಿಸಿ ಒಂದೇ ಸಲಕ್ಕೆ ಎಳೆದು ತೆಗೆಯಬೇಕು. ಒಣಗಿದ ಎಲೆಯ ಪುಡಿ ಅಂಟಿ ಬಂದರೆ ಹತ್ತಿಯ ಬೆಲೆ ಬೀಳುತ್ತದೆ, ಹೊಲದವರ ಬೈಗಳೂ ಬೀಳುತ್ತವೆ. ಒಣಗಿದ ಕಾಯಿಯ ತುದಿಗಳು ಮುಳ್ಳಿನ ಹಾಗೆ. ಮೂರು ದಿನ ಬಿಡಿಸಿದರೆ ಉಗುರಿನ ಸುತ್ತ ಗೀರು, ನಾಲ್ಕನೆಯ ದಿನ ಖಾರದ ಪಲ್ಯ ಮುಟ್ಟಲಾಗುವುದಿಲ್ಲ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ನಡುವಿಗೆ ಒಂದು ಬಟ್ಟೆ ಕಟ್ಟಿ ಉಡಿ ಮಾಡಿಕೊಂಡು ಹೆಂಗಸರು ಸಾಲು ಹಿಡಿಯುತ್ತಾರೆ. ಕಾಯಿಗಳೆಲ್ಲ ಒಮ್ಮೆಗೇ ಒಡೆಯುವುದಿಲ್ಲವಾದ್ದರಿಂದ ಒಂದೇ ಹೊಲಕ್ಕೆ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಸಂಜೆ ತೂಕ. ಕೇಜಿಗೆ ಇಷ್ಟು ಎಂದು ಕೂಲಿ. ಹತ್ತಿ ಎಷ್ಟು ಹಗುರವೆಂದರೆ, ಉಡಿ ಬಸುರಿಯ ಹೊಟ್ಟೆಯಂತೆ ತುಂಬಿದರೂ ತಕ್ಕಡಿ ಅಲುಗುವುದಿಲ್ಲ. ಈ ಕೆಲಸ ಬಹುಮಟ್ಟಿಗೆ ಹೆಂಗಸರದೇ. ಬಿಡಿಸಿದ ಹತ್ತಿಯಲ್ಲೇ ಒಂದು ಪಾಲನ್ನು ಕೂಲಿಯಾಗಿ ಕೊಡುತ್ತಿದ್ದ ಕಾಲವೂ ಇತ್ತು. ಆ ಪಾಲನ್ನು ಸಂತೆಗೆ ಒಯ್ದು ಮಾರುತ್ತಿದ್ದವಳೂ ಅವಳೇ.

ಹೀಗಾಗಿ ಹತ್ತಿಯ ಕೂಲಿಗೆ ನಮ್ಮ ಕಡೆಯ ಹೆಣ್ಣುಮಕ್ಕಳ ಬದುಕಿನಲ್ಲಿ ಒಂದು ವಿಶೇಷ ಸ್ಥಾನವಿದೆ. ಜೋಳ, ತೊಗರಿಯ ರಾಶಿ ಮನೆಯ ಯಜಮಾನನ ಲೆಕ್ಕಕ್ಕೆ ಹೋಗುತ್ತದೆ; ಹತ್ತಿಯ ಕೂಲಿ ಅವಳ ಕೈಗೇ ಬರುತ್ತದೆ. ವಿದ್ಯಾರ್ಥಿನಿಯೊಬ್ಬಳ ತಾಯಿ ಒಮ್ಮೆ ನನಗೆ ತನ್ನ ಲೆಕ್ಕ ಹೇಳಿದಳು: “ಸೋಮವಾರದಿಂದ ಶುಕ್ರವಾರದ ತನಕ ಬಿಡಸಿದ್ದು ಮನಿಗ್ರಿ ಟೀಚರ್. ಶನಿವಾರದ್ದು ನಂದು. ಅದಕ್ಕ ಯಾರೂ ಕೈ ಹಚ್ಚಂಗಿಲ್ಲ. ಅದು ಜಾತ್ರಿ ಗಂಟು.” ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲೂ ಈ ಶನಿವಾರದ ಖಾತೆ ನನಗೆ ಸಿಕ್ಕಿಲ್ಲ. ಆ ಗಂಟಿನಲ್ಲಿ ಬಳೆ, ಮಗಳಿಗೆ ರಿಬ್ಬನ್ನು, ಬೆಂಡು ಬತ್ತಾಸ, ದೇವರಿಗೆ ಕಾಯಿ ಕರ್ಪೂರ, ತಿರುಗುವ ತೊಟ್ಟಿಲಿನಲ್ಲಿ ಒಂದು ಸುತ್ತು, ಇಷ್ಟೂ ಅಡಗಿರುತ್ತವೆ.

ಈಗ ನಮ್ಮ ಕಡೆಯ ವರ್ಷವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮುಂಗಾರು ಬಿತ್ತಿ, ಕಳೆ ತೆಗೆದು, ಕೈ ಸ್ವಲ್ಪ ಬಿಡುವಾಗುವ ಹೊತ್ತಿಗೆ ಶ್ರಾವಣ. ಆಗ ಸುರಪುರದಲ್ಲಿ ವೇಣುಗೋಪಾಲಸ್ವಾಮಿ ಜಾತ್ರೆ. ಜಾರುವ ಕಂಬಗಳನ್ನು ಹತ್ತುವ ಸ್ತಂಭಾರೋಹಣ, ಹಾಲೋಕುಳಿ. ಮುಂದೆ ಹಿಂಗಾರಿ ಜೋಳದ ಬಿತ್ತನೆ, ಅದರ ಬೆನ್ನಿಗೆ ಹತ್ತಿ. ಹತ್ತಿಯ ನಡುವೆ ಎಳ್ಳಮಾವಾಸ್ಯೆ. ಅಂದು ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ಭಜ್ಜಿ, ಸಜ್ಜೆಯ ಕಡುಬು, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿಗೆ ಕೂತು ಉಣ್ಣುವುದು. ಕೂಲಿಗೆಂದು ತುಳಿದ ನೆಲದಲ್ಲೇ ಒಂದು ದಿನ ಅತಿಥಿಯಾಗಿ ಕೂರುವ ಸುಖ ಅದು. ಮುಂದೆ ಹದಿನೈದಿಪ್ಪತ್ತು ದಿನಗಳ ಆಚೀಚೆ ಸಂಕ್ರಾಂತಿ, ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮೈಲಾರಲಿಂಗೇಶ್ವರನ ಜಾತ್ರೆ. ದೇವರು ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಹೋಗಿ ಬರುವಾಗ ಭಂಡಾರದಿಂದ ಆಕಾಶವೇ ಹಳದಿಯಾಗುತ್ತದೆ. ಆಮೇಲೆ ಕಬ್ಬಿಣದ ಸರಪಳಿ ಹರಿಯುವ ಪವಾಡ. ಮಾಘದಲ್ಲಿ ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆ. ಅಲ್ಲಿಗೆ ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ಬರುತ್ತಾರೆ. ಜೋಳದ ಕೊಯ್ಲು ಮುಗಿದು ಹೋಳಿ ಕಳೆದ ಐದನೆಯ ದಿನಕ್ಕೆ ಕಲಬುರಗಿಯ ಶರಣಬಸವೇಶ್ವರರ ತೇರು. ಒಂದೊಂದು ಕೆಲಸ ಮುಗಿಯುವ ಅಂಚಿಗೆ ಒಂದೊಂದು ಜಾತ್ರೆ ಬಂದು ನಿಂತಿರುವುದನ್ನು ಗಮನಿಸಿ. ಹೊಲಿಗೆ ಬಲ್ಲವರಿಗೆ ಗೊತ್ತಿರುತ್ತದೆ, ಎರಡು ಬಟ್ಟೆ ಕೂಡುವ ಜಾಗದಲ್ಲೇ ಹೊಲಿಗೆ ಬೀಳಬೇಕು.

ಇದರಲ್ಲಿ ಪಂಚಾಂಗದ ಒಂದು ಸ್ವಾರಸ್ಯವೂ ಇದೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಜನವರಿಯ ನಡುವೆಯೇ ಬರುತ್ತದೆ. ತಿಂಥಣಿ, ಸುರಪುರದ ಜಾತ್ರೆಗಳು ಚಂದ್ರನ ತಿಥಿಯವು. ಆದರೆ ಅಧಿಕ ಮಾಸ ಸೇರಿಸುವುದರಿಂದ ಋತು ತಪ್ಪುವುದಿಲ್ಲ. ಮೊಹರಂ ಮತ್ತು ಕಲಬುರಗಿಯ ಖಾಜಾ ಬಂದೇನವಾಜರ ಉರುಸು ಬರೀ ಚಂದ್ರನ ಲೆಕ್ಕದವು. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 1991ರಲ್ಲಿ ಮೇ ತಿಂಗಳ ಕೊನೆಗೆ ಬಂದ ಉರುಸು 2024ರಲ್ಲಿ ಮತ್ತೆ ಮೇ ತಿಂಗಳ ಕೊನೆಗೇ ಬಂತು. ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ಕುಣಿತಕ್ಕೆ ಜಾತಿಮತದ ಹಂಗಿಲ್ಲ. ಹಾಗಾಗಿ ಒಬ್ಬ ಹೆಣ್ಣುಮಗಳು ತನ್ನ ಆಯುಷ್ಯದಲ್ಲಿ ಬಿತ್ತುವಾಗಿನ ಮೊಹರಂ, ಹತ್ತಿ ಬಿಡಿಸುವಾಗಿನ ಮೊಹರಂ, ಬೇಸಿಗೆಯ ಮೊಹರಂ ಎಲ್ಲವನ್ನೂ ಕಾಣುತ್ತಾಳೆ. ನಮ್ಮ ಹಿರಿಯರು ವರ್ಷ ನೆನಪಿಡುತ್ತಿದ್ದುದೂ ಹೀಗೆಯೇ: “ಶೇಂಗಾ ಕೀಳಾಗ ಅಲಾಯಿ ಬಂದಿತ್ತು ನೋಡು, ಆ ವರ್ಷ ನೀ ಹುಟ್ಟಿದಿ.”

ಇನ್ನು ಚರಿತ್ರೆಗೆ ಬರೋಣ. ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲುಗಳಲ್ಲಿ ಬೂದಿಯ ದಿಬ್ಬಗಳಿವೆ. ಹೊಸ ಶಿಲಾಯುಗದ ದನಗಾಹಿಗಳು ತಮ್ಮ ಹಟ್ಟಿಗಳಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳು ಅವು. ನಾಲ್ಕು ಸಾವಿರ ವರ್ಷಗಳಷ್ಟು ಹಳೆಯವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಬೂದಿಹಾಳದಲ್ಲಿ ಉತ್ಖನನ ನಡೆಸಿದಾಗ ಬೂದಿಯ ಪಕ್ಕದಲ್ಲೇ ಜನವಸತಿಯೂ, ದನಗಳನ್ನು ಕಡಿದು ಮಾಂಸ ಮಾಡಿದ ವಿಶಾಲವಾದ ನೆಲವೂ ಕಂಡುಬಂದವು. ಒಂದು ಮನೆಯ ಊಟಕ್ಕೆ ಅಷ್ಟು ದೊಡ್ಡ ನೆಲ ಬೇಕಾಗುವುದಿಲ್ಲ. ಬಹಳ ಜನ ಕೂಡಿದ್ದಿರಬೇಕು. ಅದಕ್ಕೂ ಮೊದಲು ಆಲ್ಚಿನ್ ಎಂಬ ಇಂಗ್ಲಿಷ್ ವಿದ್ವಾಂಸರು 1963ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ, ಈ ಬೆಂಕಿಗಳು ಆಕಸ್ಮಿಕವಲ್ಲ, ಋತು ಬದಲಾಗುವಾಗ ಜನ ಕೂಡಿ ಆಚರಿಸಿದ ಬೆಂಕಿಗಳಿರಬೇಕು ಎಂದು ಊಹಿಸಿದ್ದರು. ನಮ್ಮ ಸಂಕ್ರಾಂತಿ, ಹೋಳಿಯ ಬೆಂಕಿಗಳೊಡನೆ ಅವನ್ನು ಹೋಲಿಸಿದ್ದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಏನೇ ಇರಲಿ, ವರ್ಷವೆಲ್ಲ ದನದ ಹಿಂದೆ ಅಲೆಯುತ್ತಿದ್ದ ಜನ ಒಂದು ಗೊತ್ತಾದ ಕಾಲಕ್ಕೆ, ಒಂದು ಗೊತ್ತಾದ ಜಾಗಕ್ಕೆ ಬಂದು ಸೇರುತ್ತಿದ್ದರೆಂದರೆ ಅಲ್ಲಿ ದನದ ವ್ಯವಹಾರ, ಹೆಣ್ಣು ಗಂಡಿನ ಮಾತುಕತೆ, ಊಟ, ಕುಣಿತ ನಡೆಯದೆ ಇದ್ದೀತೆ? ನಾನು ಮಕ್ಕಳಿಗೆ ಬೂದಿಹಾಳದ ಪಾಠ ಹೇಳುವಾಗ, ನಮ್ಮ ಸೀಮೆಯಲ್ಲಿ ದೇವಾಲಯಕ್ಕಿಂತ ಜಾತ್ರೆಗೆ ವಯಸ್ಸು ಹೆಚ್ಚಿರಬಹುದು ಎಂದು ನಗುತ್ತ ಹೇಳುವುದುಂಟು.

ಹತ್ತಿಯೂ ಇಲ್ಲಿಗೆ ಹೊಸದಲ್ಲ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಸೀರೆ ನೇಯ್ದು ಬದುಕಿದ ಶರಣ, ವಚನಕಾರರಲ್ಲಿ ಎಲ್ಲರಿಗಿಂತ ಮುಂಚಿನವನು. ನೇಯುವವನಿಗೆ ನೂಲು ಬೇಕು, ನೂಲಿಗೆ ಹತ್ತಿ ಬೇಕು, ಹತ್ತಿಗೆ ಬಿಡಿಸುವ ಕೈ ಬೇಕು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ ಎಂಬ ಹೆಸರು ಉಳಿದಿದೆ. ರಾಟೆಯ ಮುಂದೆ ಕೂತು ನೂಲು ತೆಗೆದದ್ದು ಅವಳ ಕಾಯಕ. ನೂತವಳ ಹೆಸರು ನಮಗೆ ಗೊತ್ತಿದೆ, ನೇಯ್ದವನ ಹೆಸರು ಗೊತ್ತಿದೆ. ಹೊಲದಲ್ಲಿ ಬಿಡಿಸಿ ಕೊಟ್ಟವಳ ಹೆಸರು ಮಾತ್ರ ಉಳಿಯಲಿಲ್ಲ.

ಸುರಪುರದ ನಾಯಕರ ಕಾಲಕ್ಕೂ ಇದೇ ಮಾತು. 1705ರಲ್ಲಿ ಔರಂಗಜೇಬನ ಸೈನ್ಯವನ್ನು ವಾಗಿಣಗೇರಿಯ ಕೋಟೆಯಲ್ಲಿ ಎದುರಿಸಿದ ವಂಶ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ 1853ರವರೆಗೆ ಅಲ್ಲಿದ್ದನು. ಅವನು ಕಟ್ಟಿಸಿದ ಬಂಗಲೆ ಇಂದಿಗೂ ಸುರಪುರದಲ್ಲಿದೆ. 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಸುರಪುರದ ವಿಷಯ ಪುಟಗಟ್ಟಲೆ ಬರುತ್ತದೆ. ಹೆಣ್ಣಿನ ಹೆಸರು ಹುಡುಕಿದರೆ ಎದ್ದು ಕಾಣುವುದು ರಾಣಿ ಈಶ್ವರಮ್ಮನದು, ಅದೂ ಅವನಿಗೆ ಸರಿಬೀಳದವಳೆಂಬ ಕಾರಣಕ್ಕೆ. 1858ರಲ್ಲಿ ವೆಂಕಟಪ್ಪ ನಾಯಕನ ದಂಗೆ ಮುರಿದು ಸಂಸ್ಥಾನ ಹೋಯಿತು. ಆದರೆ ನಾಯಕರು ನಡೆಸಿಕೊಂಡು ಬಂದ ವೇಣುಗೋಪಾಲಸ್ವಾಮಿಯ ಜಾತ್ರೆ ಹೋಗಲಿಲ್ಲ. ದೊರೆತನ ಅಳಿದರೂ ಜಾತ್ರೆ ಉಳಿಯಿತೆಂದರೆ ಅದನ್ನು ಹೊತ್ತವರು ದೊರೆಗಳಷ್ಟೇ ಅಲ್ಲ ಎಂದಾಯಿತು.

ಅದೇ ಕಾಲಕ್ಕೆ ಹತ್ತಿಯ ಭಾಗ್ಯವೂ ತಿರುಗಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ದಖನ್ನಿನ ಹತ್ತಿಗೆ ಬಂಗಾರದ ಬೆಲೆ ಬಂತು; ಯುದ್ಧ ಮುಗಿದ ಕೂಡಲೇ ಬಿತ್ತು. 1871ರಲ್ಲಿ ಮುಂಬಯಿಯಿಂದ ಹೊರಟ ರೈಲು ಕಲಬುರಗಿ, ಯಾದಗಿರಿಗಳನ್ನು ದಾಟಿ ರಾಯಚೂರು ಮುಟ್ಟಿ, ಮದ್ರಾಸಿನ ಕಡೆಯಿಂದ ಬಂದ ಹಳಿಗೆ ಕೂಡಿಕೊಂಡಿತು. ಕಲಬುರಗಿಯಲ್ಲಿ ನಿಜಾಮನ ಹೆಸರಿನ ಮೆಹಬೂಬ ಶಾಹಿ ಬಟ್ಟೆ ಗಿರಣಿ ಎದ್ದಿತು. ಸಗರನಾಡಿನ ಹೊಲದಲ್ಲಿ ಬಿಡಿಸಿದ ಅರಳೆಗೆ ದೂರದ ಪೇಟೆಗಳ ದಾರಿ ತೆರೆಯಿತು. ಹತ್ತಿಯನ್ನು ಮುಂಬಯಿಗೆ ಒಯ್ದ ಅದೇ ಹಳಿ ಮುಂದೆ ನಮ್ಮ ಜನರನ್ನೂ ಮುಂಬಯಿಗೆ ಒಯ್ದಿತು. ಆ ಮಾತು ಮುಂದೆ ಬರುತ್ತದೆ.

ನಾನು ಹುಡುಗಿಯಾಗಿದ್ದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಜಾತ್ರೆಯೆಂದರೆ ಗಾಡಿಯ ಪ್ರಯಾಣ. ಬಸ್ಸು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಿಜಾಮರ ಸರ್ಕಾರ 1932ರಲ್ಲೇ ತನ್ನ ರೈಲ್ವೆ ಇಲಾಖೆಯಿಂದ ಬಸ್ಸು ಓಡಿಸಲು ಆರಂಭಿಸಿತ್ತು. ಆದರೆ ಬಸ್ಸಿಗೆ ರೊಕ್ಕ ಬೇಕು, ಎತ್ತಿಗೆ ಮೇವು ಸಾಕು. ಕಮಾನು ಕಟ್ಟಿದ ಗಾಡಿಯಲ್ಲಿ ಅಜ್ಜಿ, ಚಿಗವ್ವ, ಅತ್ತೆಯಂದಿರು, ನಾವು ಮಕ್ಕಳು. ಕೆಳಗೆ ಕಣಕಿಯ ಹಾಸು. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಭೀಮಾ ದಾಟುವಾಗ ಅಜ್ಜಿ ಒಂದು ಪೈಸೆ ನೀರಿಗೆ ಹಾಕಿ ಕೈ ಮುಗಿಯುತ್ತಿದ್ದಳು. ದಾರಿಯುದ್ದಕ್ಕೂ ಹೆಂಗಸರ ಮಾತು. ಮನೆಯಲ್ಲಿ ಅತ್ತೆಯ ಎದುರು ತಲೆಯ ಸೆರಗು ಜಾರದಂತೆ ಇರುತ್ತಿದ್ದ ನಮ್ಮ ಚಿಗವ್ವ ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಅದೇ ಅತ್ತೆಯೂ ಪಕ್ಕದಲ್ಲಿ ಕೂತು ನಗುತ್ತಿದ್ದಳು.

ಜಾತ್ರೆಯ ಪೇಟೆಯಲ್ಲಿ ಗಂಡಸರು ಹಗ್ಗ, ಬಾರುಕೋಲು, ನೇಗಿಲಿನ ಕುಳ ನೋಡಲು ಹೋದರೆ ಹೆಂಗಸರ ಕಾಲು ಹೋಗುತ್ತಿದ್ದುದು ಬಳೆಗಾರರ ಸಾಲಿಗೆ. ಹತ್ತಿಯ ಮುಳ್ಳಿಗೆ ಗೀರು ಬಿದ್ದ ಕೈಗಳನ್ನು ಬಳೆಗಾರ ಮೆತ್ತಗೆ ಒತ್ತಿ ಹಸಿರು ಬಳೆ ಏರಿಸುತ್ತಿದ್ದ. ಬೇರೆ ಬೇರೆ ಊರಿಗೆ ಕೊಟ್ಟ ಅಕ್ಕತಂಗಿಯರು ತವರಿಗೆ ಹೋಗಲು ಅಪ್ಪಣೆ ಸಿಗದಿದ್ದರೂ ಜಾತ್ರೆಯಲ್ಲಿ ಭೇಟಿಯಾಗುತ್ತಿದ್ದರು. ದೇವರ ಹೆಸರು ಹೇಳಿದರೆ ಯಾವ ಗಂಡನೂ ಬೇಡವೆನ್ನುವಂತಿರಲಿಲ್ಲವಲ್ಲ! ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತು, ಒಂದೇ ಪುಡಿಕೆಯ ಚುರುಮುರಿ ಮಿರ್ಚಿ ಹಂಚಿಕೊಂಡು ತಿಂದು, ಮುಂದಿನ ವರ್ಷದ ಜಾತ್ರೆಗೆ ಮಾತು ಕೊಟ್ಟು ಬೀಳ್ಕೊಡುತ್ತಿದ್ದರು. ಪತ್ರ ಬರೆಯಲು ಬಾರದ ಹೆಣ್ಣುಮಕ್ಕಳಿಗೆ ಜಾತ್ರೆಯೇ ಅಂಚೆ ಕಚೇರಿ.

ಹಾಗೆಂದು ಜಾತ್ರೆಯೆಲ್ಲ ಸಕ್ಕರೆಯೆಂದು ನಾನು ಹೇಳುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಕೆಲವು ಜಾತ್ರೆಗಳಲ್ಲಿ ಬಡವರ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಟ್ಟದ್ದುಂಟು. ಅದನ್ನು ತಡೆಯಲು ರಾಜ್ಯದಲ್ಲಿ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಮೈಲಾಪುರದಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿ, ದಾರಿಯಲ್ಲೇ ಮರಿಗಳನ್ನು ವಶಕ್ಕೆ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿತು. ಸ್ನಾನಕ್ಕೆ ಮರೆಯಿಲ್ಲದೆ, ಶೌಚಕ್ಕೆ ಜಾಗವಿಲ್ಲದೆ ಹೆಂಗಸರು ಪಡುವ ಪಾಡು ಹೋದವರಿಗೇ ಗೊತ್ತು. ಇವೆಲ್ಲ ಜಾತ್ರೆಯನ್ನು ಸುಧಾರಿಸಲು ಕಾರಣಗಳು. ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಲು ಕಾರಣಗಳಾಗಬಾರದು.

ಈ ಹಳೆಯ ಹೊಂದಾಣಿಕೆ ಸಡಿಲಗೊಂಡದ್ದು ನನ್ನ ಕಣ್ಣೆದುರಿಗೇ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರ ಸೀಮೆಗೆ ಬಂದಂತೆ ಜೋಳದ ಹೊಲಗಳಲ್ಲಿ ಭತ್ತ ಎದ್ದಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಾದವು. 2002ರಲ್ಲಿ ಬಿಟಿ ಹತ್ತಿಗೆ ಕೇಂದ್ರ ಸರ್ಕಾರದ ಅನುಮತಿ ಸಿಕ್ಕ ಮೇಲೆ ಜವಾರಿ ಹತ್ತಿ ಹಿಂದೆ ಸರಿಯಿತು. ನೀರು ಬಂದದ್ದು ಒಳ್ಳೆಯದೇ. ಬರಗಾಲ ಕಂಡವರು ಕಾಲುವೆಯನ್ನು ಬೈಯಲಾರರು. ಆದರೆ ನೀರಿಗೆ ಬಿಡುವು ಗೊತ್ತಿಲ್ಲ. ಒಂದು ಬೆಳೆ ಕೊಯ್ಯುವಾಗಲೇ ಇನ್ನೊಂದರ ನಾಟಿ. ಈಗ ಕೂಲಿಯವರನ್ನು ಟಂಟಂಗಳಲ್ಲಿ ತುಂಬಿಕೊಂಡು ಬೆಳಕು ಹರಿಯುವ ಮುಂಚೆ ದೂರದ ಹೊಲಗಳಿಗೆ ಒಯ್ಯುತ್ತಾರೆ. ಎರಡು ಕೆಲಸಗಳ ನಡುವಿನ ಆ ಅಂಚು, ಜಾತ್ರೆ ನಿಂತಿದ್ದ ಆ ಜಾಗ, ಕಿರಿದಾಗುತ್ತ ಬಂತು.

ನೀರು ತಲುಪದ ಹಳ್ಳಿಗಳ ಕಥೆ ಇನ್ನೊಂದು ಬಗೆಯದು. ಅಲ್ಲಿಯವರು ಗುಳೆ ಹೋದರು: ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರು. ಗಂಡ ಸೆಂಟ್ರಿಂಗ್ ಕೆಲಸಕ್ಕೆ, ಹೆಂಡತಿ ಇಟ್ಟಿಗೆ ಹೊರಲು. ಹೊಲದ ಕೂಲಿಗೆ ಊರ ಜಾತ್ರೆ ಗೊತ್ತಿತ್ತು. ಕಟ್ಟಡದ ಗುತ್ತೇದಾರನಿಗೆ ಗೊತ್ತಿಲ್ಲ. ಆದರೂ ಜನ ಬಿಡಲಿಲ್ಲ ನೋಡಿ. ಮುಂಗಡದ ಸಾಲ ತೀರಿರಲಿ ಬಿಡಲಿ, ಊರ ದೇವರ ಜಾತ್ರೆಗೆ ರಾತ್ರಿಯ ಬಸ್ಸು ಹಿಡಿದು ಬಂದು, ಎರಡು ದಿನವಿದ್ದು ಹೋಗುತ್ತಾರೆ. ಶಾಲೆ ಬಿಟ್ಟು ಅವರ ಕೂಡ ಹೋದ ಹುಡುಗಿಯರನ್ನು ನಾನು ಮತ್ತೆ ನೋಡುವುದು ಜಾತ್ರೆಯಲ್ಲೇ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದು, “ಆರಾಮ ಇದ್ದೀರಿ ಟೀಚರ್?” ಎಂದು ಕೇಳುತ್ತಾರೆ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂದು, 2006ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲೇ ಆಗಿನ ಗುಲ್ಬರ್ಗಾ ಜಿಲ್ಲೆಗೆ ಅನ್ವಯವಾದಾಗ (ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ಕ್ಕೆ) ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಎಂಬುದು ನಮ್ಮ ಹೆಂಗಸರಿಗೆ ದೊಡ್ಡ ಸುದ್ದಿಯಾಗಿತ್ತು. ಗುಳೆ ಮಾತ್ರ ನಿಲ್ಲಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶ ಬಾಗಿಲು ಹಾಕಿತು. ಮುಂಬಯಿ, ಪುಣೆಗಳಿಂದ ನಮ್ಮ ಜಿಲ್ಲೆಗೆ ಜನ ಸಾವಿರಗಟ್ಟಲೆ ಮರಳಿದರು. ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇರಿಸಲಾಯಿತು. ಹೊರಗಿದ್ದವರೆಲ್ಲ ಊರಲ್ಲಿದ್ದರು, ಜಾತ್ರೆ ಮಾತ್ರ ಇರಲಿಲ್ಲ. ಅಂಥ ವರ್ಷವನ್ನು ನಮ್ಮ ಹಿರಿಯರೂ ಕಂಡಿರಲಿಲ್ಲ. ಜನ ಒಟ್ಟಿಗೆ ಬದುಕುವುದಕ್ಕೆ ಒಂದೇ ಊರಲ್ಲಿ ಇದ್ದರೆ ಸಾಲದು, ಕೂಡಲು ಒಂದು ನೆಪ ಬೇಕು ಎಂಬುದು ಆ ವರ್ಷ ಎಲ್ಲರಿಗೂ ಅರ್ಥವಾಯಿತು.

ಆಮೇಲೆ ಬಂದದ್ದು 2023ರ ಜೂನ್ 11. ಅಂದು ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ಟಿನ ದುಡ್ಡಿಲ್ಲವೆಂದಾಯಿತು. ಆ ಬೇಸಿಗೆಯ ಕೊನೆಗೆ ಬಸ್ಸುಗಳು ತುಂಬಿ ತುಳುಕಿದ್ದನ್ನು, ಗುಡಿ ಗುಂಡಾರಗಳಲ್ಲಿ ಹೆಂಗಸರ ಸಾಲು ಬೆಳೆದದ್ದನ್ನು ನೀವೂ ನೋಡಿದ್ದೀರಿ. ಹೆಂಗಸರು ಮನೆ ಬಿಟ್ಟು ತಿರುಗಲು ಕಲಿತರು ಎಂದು ಕಟ್ಟೆಯ ಮೇಲೆ ಕೂತವರು ನಗೆಯಾಡಿದರು. ವರ್ಷಪೂರ್ತಿ ಅದೇ ಕಟ್ಟೆಯ ಮೇಲೆ ಕೂತವರನ್ನು ಯಾರೂ ಏನೂ ಕೇಳಲಿಲ್ಲ! ಸರ್ಕಾರದ ಬೊಕ್ಕಸದ ಲೆಕ್ಕ ತಜ್ಞರು ಹಾಕಲಿ, ಹಾಕಬೇಕಾದದ್ದೇ. ನಾನು ಹೇಳುವುದು ಇಷ್ಟೇ: ಈ ಹೆಂಗಸರು 2023ರಲ್ಲಿ ತಿರುಗಲು ಕಲಿತವರಲ್ಲ. ಇವರ ಅಜ್ಜಿಯರು ಎರಡು ದಿನ ಗಾಡಿಯಲ್ಲಿ ಕುಲುಕಾಡಿ ತಿಂಥಣಿ ಮುಟ್ಟಿದವರು. ಬಸ್ಸಿನ ದುಡ್ಡು ಉಳಿದದ್ದರಿಂದ ಶನಿವಾರದ ಗಂಟಿನಲ್ಲಿ ಇನ್ನೊಂದು ಡಜನ್ ಬಳೆಗೆ ಜಾಗವಾಯಿತು, ಅಷ್ಟೇ.

ಶಾಲೆಯ ಮಟ್ಟಿಗೆ ನನ್ನ ಅಭಿಪ್ರಾಯ ನೇರವಾದದ್ದು. ಹುಡುಗಿ ಎರಡು ತಿಂಗಳು ಹತ್ತಿಯ ಹೊಲದಲ್ಲಿ ಕಳೆಯುವುದು ತಪ್ಪಬೇಕು. ಅದು ಅವಳ ಓದನ್ನು ತಿನ್ನುತ್ತದೆ. ಎರಡು ದಿನದ ಜಾತ್ರೆ ಯಾರ ಓದನ್ನೂ ತಿಂದಿಲ್ಲ. ಸ್ಥಳೀಯ ರಜೆ ಕೊಡುವ ಅವಕಾಶವನ್ನು ಊರ ಜಾತ್ರೆಗೆ ಬಳಸಿ, ಬಂದ ಮೇಲೆ ಮಕ್ಕಳಿಂದ ಜಾತ್ರೆಯ ವಿವರ ಬರೆಸಿದರೆ ಅದೂ ಪಾಠವೇ. ನಾನು ಹಾಗೆ ಬರೆಸಿದ್ದೇನೆ. ಅಜ್ಜಿಯನ್ನು ಕೇಳಿ ಬರೆದು ತನ್ನಿ ಎಂದರೆ ಮಕ್ಕಳು ಯಾವ ವರ್ಷ ಕೂಲಿ ಎಷ್ಟಿತ್ತು, ಬಳೆ ಡಜನ್ನಿಗೆ ಎಷ್ಟು, ಬರ ಬಿದ್ದ ವರ್ಷ ಜಾತ್ರೆಗೆ ಹೋದೆವೋ ಇಲ್ಲವೋ ಎಂಬುದನ್ನೆಲ್ಲ ಬರೆದು ತರುತ್ತಾರೆ. ದೊರೆಗಳ ಚರಿತ್ರೆಯಲ್ಲಿ ಸಿಗದ ಆ ಹೆಸರಿಲ್ಲದವಳು ಈ ನೋಟುಬುಕ್ಕುಗಳಲ್ಲಿ ಸಿಗುತ್ತಾಳೆ.

ಪಟ್ಟಣದಲ್ಲಿರುವ ನನ್ನ ಅಕ್ಕತಂಗಿಯರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ನಿಮ್ಮ ಮನೆಯ ಪಾತ್ರೆ ತೊಳೆಯುವವಳು, ಪಕ್ಕದ ಕಟ್ಟಡಕ್ಕೆ ಮರಳು ಹೊರುವವಳು ನಮ್ಮ ಸೀಮೆಯವಳೇ ಇರಬಹುದು. “ಅಕ್ಕಾರ, ಊರಾಗ ಜಾತ್ರಿ ಐತ್ರಿ, ಮೂರು ದಿನ ಬರಂಗಿಲ್ಲ” ಎಂದು ಅವಳು ಬಾಗಿಲಲ್ಲಿ ನಿಂತಾಗ ಮುಖ ಸಿಂಡರಿಸಬೇಡಿ. ಸಂಬಳದಲ್ಲಿ ಮೂರು ದಿನ ಹಿಡಿಯಬೇಡಿ. ಆಗುವುದಾದರೆ ಬಳೆಗೆಂದು ಕೈಯಲ್ಲಿ ಏನಾದರೂ ಇಡಿ. ಮರಳಿ ಬಂದಾಗ ಅವಳು ಬೆಂಡು ಬತ್ತಾಸ, ಸ್ವಲ್ಪ ಭಂಡಾರ ತಂದು ಕೊಟ್ಟೇ ಕೊಡುತ್ತಾಳೆ. ಆಗ ಅವಳನ್ನು ಒಂದು ಗಳಿಗೆ ಕೂರಿಸಿ, ಜಾತ್ರೆ ಹೇಗಾಯಿತು, ಅಕ್ಕತಂಗಿಯರು ಸಿಕ್ಕಿದ್ದರೇ ಎಂದು ಕೇಳಿ ನೋಡಿ.